ಚಿಪ್ ಒಂದು ಹೇಳುತ್ತದೆ, ಪಾಸ್‌ಪೋರ್ಟ್ ಇನ್ನೊಂದು

ಬ್ರಿಟನ್ನಿನಲ್ಲಿ ಕುದುರೆ ಕೊಳ್ಳಲು ಹೋದವರು ಮೊದಲು ನೋಡುವುದು ಅದರ ನಡಿಗೆ, ಕಾಲು, ಕಣ್ಣು, ಗುಣ. ಮಕ್ಕಳ ಸವಾರಿಗೆಂದು ಕೊಳ್ಳುವುದಾದರೆ ಅದು ಕಚ್ಚುತ್ತದೋ, ಒದೆಯುತ್ತದೋ, ರಸ್ತೆಯಲ್ಲಿ ಲಾರಿ ಕಂಡರೆ ಬೆದರುತ್ತದೋ ಎಂದು ಕೇಳುತ್ತಾರೆ. ಅದರ ದಾಖಲೆಯನ್ನು ಪುಟ ಪುಟವಾಗಿ ಓದುವುದು ಎಷ್ಟೋ ಸಲ ದುಡ್ಡು ಕೈಬದಲಾಗಿ, ಕುದುರೆ ಲಾಯಕ್ಕೆ ಬಂದು, ಮನೆಮಂದಿಯೆಲ್ಲ ಅದರ ಕತ್ತು ಸವರಿ ಹಚ್ಚಿಕೊಂಡಾದ ಮೇಲೆ. ತೊಡಕು ಬೆಳಕಿಗೆ ಬರುವುದೂ ಆಗಲೇ. ಜಾಹೀರಾತಿನಲ್ಲಿ ಒಂಬತ್ತು ವರ್ಷ ಎಂದಿದ್ದ ಕುದುರೆಗೆ ಪುಸ್ತಕದಲ್ಲಿ ಹದಿನಾಲ್ಕಾಗಿರುತ್ತದೆ. ಚಿತ್ರದಲ್ಲಿ ಎರಡು ಕಾಲು ಬಿಳಿ, ಎದುರಿಗೆ ನಿಂತಿರುವುದಕ್ಕೆ ಮೂರು ಕಾಲು ಬಿಳಿ. ಲಸಿಕೆ ಹಾಕಿದ ತಾರೀಕು ಹುಟ್ಟಿದ ತಾರೀಕಿಗಿಂತ ಹಿಂದಿನದು.

ಅಲ್ಲಿ ಪ್ರತಿ ಕುದುರೆಗೂ, ಕತ್ತೆಗೂ ಪಾಸ್‌ಪೋರ್ಟ್ ಇರಲೇಬೇಕು. ಇಂಗ್ಲೆಂಡಿನಲ್ಲಿ ಇದು 2004ರಿಂದ ಕಡ್ಡಾಯ. 2009ರ ಜುಲೈಯಿಂದ ಮರಿಗಳಿಗೆ ಪಾಸ್‌ಪೋರ್ಟ್ ಮಾಡಿಸುವಾಗಲೇ ಮೈಕ್ರೋಚಿಪ್ ಹಾಕಿಸಬೇಕೆಂಬ ನಿಯಮ ಯುರೋಪಿನಾದ್ಯಂತ ಬಂತು. 2020ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಹಳೆಯ ಕುದುರೆಗಳಿಗೂ ಚಿಪ್ ಕಡ್ಡಾಯವಾಯಿತು. ಚಿಪ್ ಎಂದರೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ಕೊಳವೆ. ಕತ್ತಿನ ಎಡಭಾಗದಲ್ಲಿ, ಅಯಾಲಿನ ಕೆಳಗೆ, ನೆತ್ತಿಗೂ ಹೆಗಲಿಗೂ ನಡುವೆ ದಪ್ಪ ಸೂಜಿಯಿಂದ ಅದನ್ನು ಒಳಗಿಡುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಕುದುರೆಯ ಹೆಸರಿಲ್ಲ, ಮಾಲೀಕರ ವಿಳಾಸವೂ ಇಲ್ಲ. ಸ್ಕ್ಯಾನರ್ ಹತ್ತಿರ ಹಿಡಿದರೆ ಹದಿನೈದು ಅಂಕಿಗಳನ್ನು ತೋರಿಸುತ್ತದೆ, ಅಷ್ಟೆ. ಆ ಅಂಕಿಗೆ ಅರ್ಥ ಬರುವುದು ಅದೇ ಅಂಕಿ ಪಾಸ್‌ಪೋರ್ಟಿನಲ್ಲೂ ದಾಖಲೆ ಭಂಡಾರದಲ್ಲೂ ಇದ್ದಾಗ ಮಾತ್ರ. ಪಾಸ್‌ಪೋರ್ಟಿಗೆ ಬೇರೆಯದೇ ಆದ ಇನ್ನೊಂದು ಹದಿನೈದು ಅಕ್ಷರಾಂಕಿಗಳ ಗುರುತು ಇರುತ್ತದೆ. ಅದರ ಮೊದಲ ಮೂರು ಅಂಕಿ ದೇಶದ್ದು: ಬ್ರಿಟನ್ನಿಗೆ 826, ಐರ್ಲೆಂಡಿಗೆ 372. ಮುಂದಿನ ಮೂರು ಪಾಸ್‌ಪೋರ್ಟ್ ಕೊಟ್ಟ ಸಂಸ್ಥೆಯದು. ಉಳಿದದ್ದು ಆ ಒಂದು ಕುದುರೆಯದು.

ನನಗೆ ಆ ಪುಸ್ತಕದಲ್ಲಿ ಬಹಳ ಇಷ್ಟವಾಗುವುದು ಚಿತ್ರದ ಪುಟ. ಕುದುರೆಯ ಎಡಮಗ್ಗುಲು, ಬಲಮಗ್ಗುಲು, ಮುಖ, ಮೂತಿ, ಹಿಂದಿನಿಂದ ಕಾಣುವ ಕಾಲುಗಳು, ಇವುಗಳ ಖಾಲಿ ರೇಖಾಚಿತ್ರಗಳು ಅಚ್ಚಾಗಿರುತ್ತವೆ. ಪಶುವೈದ್ಯರು ಕುದುರೆಯ ಸುತ್ತ ನಡೆದು, ಬಿಳಿ ಮಚ್ಚೆ ಇರುವಲ್ಲಿ ಕೆಂಪು ಶಾಯಿಯಲ್ಲಿ ಅದರ ಅಂಚು ಎಳೆಯುತ್ತಾರೆ. ರೋಮದ ಸುಳಿ ಇರುವಲ್ಲಿ ಕಪ್ಪು ಶಾಯಿಯಲ್ಲಿ ಪುಟ್ಟ ಕತ್ತರಿ ಗುರುತು ಹಾಕುತ್ತಾರೆ. ಹಣೆಯ ಸುಳಿ ಕಣ್ಣಿನ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ, ಕತ್ತಿನ ಎರಡೂ ಬದಿ ಎಷ್ಟೆಷ್ಟು ಸುಳಿ ಎಂಬುದೆಲ್ಲ ಪಕ್ಕದಲ್ಲಿ ಬರಹದಲ್ಲೂ ಇರಬೇಕು. ನಮ್ಮ ದನದ ಜಾತ್ರೆಗಳಲ್ಲಿ ರೈತರು ಎತ್ತಿನ ಸುಳಿ ನೋಡಿ ಅದು ಮನೆಗೆ ಆಗಿಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುತ್ತಾರೆ. ಪಾಸ್‌ಪೋರ್ಟಿಗೆ ಬೇಕಾದದ್ದು ಶುಭಾಶುಭವಲ್ಲ, ಗುರುತು. ಮೈಬಣ್ಣ ಬದಲಾಗಬಹುದು, ಗಾಯ ಮಾಸಬಹುದು, ಸುಳಿ ಮಾತ್ರ ಹುಟ್ಟಿನಿಂದ ಸಾಯುವವರೆಗೆ ಇದ್ದಲ್ಲೇ ಇರುತ್ತದೆ.

ಲಂಕಾಶೈರಿನಲ್ಲಿ ನೆಲೆಸಿರುವ, ನನಗೆ ಪರಿಚಯದ ಹಾಸನದ ಕಡೆಯ ಕುಟುಂಬವೊಂದು ಮಗಳಿಗಾಗಿ ಕಂದು ಬಣ್ಣದ ಒಂದು ಹೆಣ್ಣು ಪೋನಿಯನ್ನು ಕೊಂಡಿತು. ವ್ಯಾಪಾರಿ ಹೇಳಿದ ವಯಸ್ಸು ಎಂಟು. ಪಾಸ್‌ಪೋರ್ಟಿನಲ್ಲೂ ಎಂಟೇ ಇತ್ತು. ಕೆಲವು ವಾರಗಳ ನಂತರ ಫ್ಲೂ ಲಸಿಕೆ ಹಾಕಲು ಬಂದ ಪಶುವೈದ್ಯೆ ವಾಡಿಕೆಯಂತೆ ಮೊದಲು ಕತ್ತಿನ ಎಡಕ್ಕೆ ಸ್ಕ್ಯಾನರ್ ಹಿಡಿದರು. ಅವರು ಒಂದೊಂದೇ ಅಂಕಿ ಓದುತ್ತಿದ್ದರೆ ಯಜಮಾನರು ಪಾಸ್‌ಪೋರ್ಟಿಗೆ ಅಂಟಿಸಿದ ಬಾರ್‌ಕೋಡ್ ಚೀಟಿಯ ಮೇಲೆ ಬೆರಳಿಟ್ಟು ಸರಿಸುತ್ತಿದ್ದರು. ಮೊದಲ ಕೆಲವು ಅಂಕಿ ಸರಿಹೊಂದಿದವು. ಅದರಲ್ಲಿ ವಿಶೇಷವೇನೂ ಇಲ್ಲ, ಒಂದೇ ಕಂಪನಿಯ ಚಿಪ್ಪುಗಳೆಲ್ಲ ಹಾಗೇ ಶುರುವಾಗುತ್ತವೆ. ಮುಂದಕ್ಕೆ ಹೋದಂತೆ ಬೆರಳು ನಿಂತಿತು. ವೈದ್ಯೆ ಮತ್ತೆ ಓದಿದರು, ಕತ್ತಿನ ಬಲಗಡೆಯೂ ಹುಡುಕಿದರು. ಇದ್ದದ್ದು ಒಂದೇ ಚಿಪ್, ಅದರ ಅಂಕಿ ಪುಸ್ತಕದ ಅಂಕಿ ಅಲ್ಲ. ಆಮೇಲೆ ಪೋನಿಯ ಮೇಲ್ದುಟಿ ಎತ್ತಿ ಮೂಲೆಯ ಬಾಚಿಹಲ್ಲು ನೋಡಿದರು. ಆ ಹಲ್ಲಿನ ಮೇಲೆ ಸುಮಾರು ಹತ್ತನೇ ವರ್ಷಕ್ಕೆ ಒಸಡಿನ ಹತ್ತಿರ ಒಂದು ಕಂದು ಗೀರು ಕಾಣಿಸಿಕೊಳ್ಳುತ್ತದೆ, ಹದಿನೈದರ ಹೊತ್ತಿಗೆ ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ಗ್ಯಾಲ್ವೇನ್ ಗೀರು ಎಂದು ಅದಕ್ಕೆ ಹೆಸರು. ಈ ಪೋನಿಯದು ಅರ್ಧ ದಾಟಿತ್ತು.

"ಈ ಪುಸ್ತಕ ಈ ಪೋನಿಯದಲ್ಲ," ಎಂದರು ವೈದ್ಯೆ.

"ಮಗೂಗೆ ಏನಂತ ಹೇಳೋದು ರೀ?" ಎಂದು ಮನೆಯಾಕೆ ಕೇಳಿದರಂತೆ. "ಮೊದಲು ಮಾರಿದವನನ್ನು ಕೇಳೋಣ ಇರು," ಎಂದರು ಇವರು. ಮಾರಿದವನ ಉತ್ತರ ಸಿದ್ಧವಾಗಿತ್ತು: ಲಾಯದಲ್ಲಿ ಎರಡು ಪುಸ್ತಕ ಅದಲುಬದಲಾಗಿರಬೇಕು, ಪೋನಿ ಚೆನ್ನಾಗಿದೆಯಲ್ಲ, ಅದನ್ನೇ ಇಟ್ಟುಕೊಂಡು ಸುಮ್ಮನಿರಿ.

ಅವರು ಸುಮ್ಮನಿರಲಿಲ್ಲ. ಪಾಸ್‌ಪೋರ್ಟ್ ಕೊಟ್ಟ ಸಂಸ್ಥೆಗೆ ಬರೆದರು. ಚಿಪ್ಪಿನ ಅಂಕಿ ಬೇರೊಂದು ಸಂಸ್ಥೆಯಲ್ಲಿ, ಬೇರೊಂದು ಪೋನಿಯ ಹೆಸರಿನಲ್ಲಿ ನೋಂದಾಯಿತವಾಗಿತ್ತು. ಹಳೆಯ ಮಾಲೀಕರ ವಿಳಾಸವನ್ನು ಆ ಸಂಸ್ಥೆ ಕೊಡಲಿಲ್ಲ, ಇವರ ಪತ್ರವನ್ನು ಅವರಿಗೆ ತಲುಪಿಸಿತು. ಅಲ್ಲಿಂದ ಬಂದ ಉತ್ತರ ನೋಡಿದ ಮೇಲೆಯೇ ನನಗೆ ಈ ವಿಷಯ ಬರೆಯಬೇಕೆನ್ನಿಸಿದ್ದು. ಪೋನಿಗೆ ಹದಿನೇಳು ವರ್ಷ. ಅದಕ್ಕೆ ಲ್ಯಾಮಿನೈಟಿಸ್ ಇತ್ತು, ಅಂದರೆ ಗೊರಸಿನೊಳಗಿನ ಪದರ ಉರಿದು ಊದಿಕೊಳ್ಳುವ ಬೇನೆ. ವಸಂತದಲ್ಲಿ ಸಕ್ಕರೆ ಅಂಶ ತುಂಬಿದ ಎಳೆ ಹುಲ್ಲು ಹೆಚ್ಚು ತಿಂದರೆ ಅದು ಕೆರಳುತ್ತದೆ. ತೀರಾ ಬಿಗಡಾಯಿಸಿದರೆ ಗೊರಸಿನೊಳಗಿನ ಮೂಳೆಯೇ ಜರುಗಿ, ಕುದುರೆಯನ್ನು ಉಳಿಸಿಕೊಳ್ಳುವುದು ಕಷ್ಟವಾಗುತ್ತದೆ. ದಯವಿಟ್ಟು ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ಬಯಲಿಗೆ ಬಿಡಬೇಡಿ ಎಂದು ಆ ಹಳೆಯ ಮಾಲೀಕರು ಬರೆದಿದ್ದರು. ಅಷ್ಟು ಹೊತ್ತಿಗೆ ಫೆಬ್ರವರಿ ಮುಗಿಯುತ್ತ ಬಂದಿತ್ತು. ಇವರು ಪೋನಿಗೆಂದೇ ಒಳ್ಳೆಯ ಹುಲ್ಲುಗಾವಲನ್ನು ಬಾಡಿಗೆಗೆ ಹಿಡಿದಿದ್ದರು.

ಸುಳ್ಳು ದಾಖಲೆಯಿಂದ ಕೊಂಡವರ ದುಡ್ಡು ಹೋಗುತ್ತದೆ, ನಿಜ. ಆದರೆ ಹೆಚ್ಚು ಕಳೆದುಕೊಳ್ಳುವುದು ಕುದುರೆ. ಅದರ ವಯಸ್ಸು, ರೋಗ, ಒಗ್ಗದ ಮದ್ದು, ಎಲ್ಲವೂ ಇನ್ನೊಂದು ಪುಸ್ತಕದಲ್ಲಿ ಉಳಿದುಬಿಡುತ್ತವೆ. ತನಗೇನಾಗುತ್ತದೆಂದು ಅದು ಬಾಯಿಬಿಟ್ಟು ಹೇಳಲಾರದು. ಆ ಕುಟುಂಬ ಪೋನಿಯನ್ನು ಇಟ್ಟುಕೊಂಡಿತು, ವ್ಯಾಪಾರಿಯಿಂದ ಒಂದಷ್ಟು ಹಣ ವಾಪಸು ಬಂತು, ಪಾಸ್‌ಪೋರ್ಟ್ ಸರಿಯಾಯಿತು. ಎಲ್ಲರಿಗೂ ಹೀಗೆ ಒಳ್ಳೆಯದಾಗುತ್ತದೆಂದು ಹೇಳಲಾಗದು.

ಹಾಗೆಂದು ದಾಖಲೆಗೂ ಕುದುರೆಗೂ ತಾಳೆಯಾಗದ ಕಡೆಯೆಲ್ಲ ಮೋಸವೇ ಇರಬೇಕಾಗಿಲ್ಲ. ಬೂದು ಕುದುರೆಗಳು ಹುಟ್ಟುವಾಗ ಕಪ್ಪೋ ಕಂದೋ ಆಗಿದ್ದು, ವರ್ಷಗಳು ಕಳೆದಂತೆ ಬೆಳ್ಳಗಾಗುತ್ತವೆ. ಮರಿಯಾಗಿದ್ದಾಗ ಮಾಡಿಸಿದ ಪುಸ್ತಕದಲ್ಲಿ ಕಂದು ಎಂದಿದ್ದು, ಕಣ್ಣೆದುರಿನ ಕುದುರೆ ಬೆಳ್ಳಗಿದ್ದರೆ ಗಾಬರಿ ಬೇಡ, ಸುಳಿಗಳನ್ನು ಹೋಲಿಸಿದರೆ ಸಾಕು. ಗಂಡು ಮರಿಯ ಬೀಜ ಒಡೆಸಿದ ಮೇಲೆ ಪುಸ್ತಕ ತಿದ್ದಿಸಲು ಮರೆತಿರುವುದು ಸಾಮಾನ್ಯ. ಚಿಪ್ ಕೆಟ್ಟು ಓದಲು ಬಾರದೆ ಹೋಗುವುದೂ ಉಂಟು. ನಡುವಿನ ಒಬ್ಬಿಬ್ಬರು ಮಾಲೀಕರು ಹೆಸರು ಬದಲಿಸಿಕೊಳ್ಳದೆ ಕುದುರೆಯನ್ನು ದಾಟಿಸಿರುತ್ತಾರೆ. ಅದು ತಪ್ಪೇ ಆದರೂ ವಂಚನೆಯೆಂದು ಹೇಳಲು ಬರುವುದಿಲ್ಲ. ಅನುಮಾನಪಡಬೇಕಾದ್ದು ಬೇರೆ ಕಡೆ: ಒಂದರ ಮೇಲೊಂದು ಅಂಟಿಸಿದ ಬಾರ್‌ಕೋಡ್ ಚೀಟಿ, ಕಿತ್ತುಹೋದ ಔಷಧಿ ಪುಟ, ಹಲವು ವರ್ಷಗಳ ಲಸಿಕೆಯನ್ನು ಒಂದೇ ಪೆನ್ನಿನಲ್ಲಿ ಒಂದೇ ಕೈ ಬರೆದಂತಿರುವ ಸಾಲುಗಳು, ಒಂದೇ ಕತ್ತಿನಲ್ಲಿ ಎರಡು ಚಿಪ್.

ಕುದುರೆಯ ಗುರುತನ್ನು ಮರೆಮಾಚುವ ಚಾಳಿ ಪಾಸ್‌ಪೋರ್ಟಿಗಿಂತ ಬಹಳ ಹಳೆಯದು. ಮುದಿ ಕುದುರೆಯ ಹಲ್ಲು ಕೊರೆದು, ಗುಳಿಗೆ ಬಣ್ಣ ತುಂಬಿ, ಎಳೆಯದೆಂದು ಮಾರುವ ಕೈಚಳಕಕ್ಕೆ ಇಂಗ್ಲೆಂಡಿನಲ್ಲಿ 'ಬಿಷಪಿಂಗ್' ಎಂಬ ಹೆಸರೇ ಇತ್ತು. 1844ರ ಎಪ್ಸಮ್ ಡರ್ಬಿ ಮೂರು ವರ್ಷದ ಕುದುರೆಗಳ ಓಟ. ಗೆದ್ದದ್ದು ರನ್ನಿಂಗ್ ರೇನ್ ಎಂಬ ಕುದುರೆ. ಅದು ರನ್ನಿಂಗ್ ರೇನ್ ಅಲ್ಲವೇ ಅಲ್ಲ, ಮ್ಯಾಕಬೀಯಸ್ ಎಂಬ ನಾಲ್ಕು ವರ್ಷದ ಕುದುರೆ ಎಂಬ ಆರೋಪ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶ ಆಲ್ಡರ್‌ಸನ್ ಸಾಕ್ಷಿಗಳ ಮಾತಿಗೆ ತೃಪ್ತರಾಗದೆ ಕುದುರೆಯನ್ನೇ ಹಾಜರುಪಡಿಸಿ ಎಂದರು. ಅದನ್ನು ಹಾಜರುಪಡಿಸಲು ಆಗಲಿಲ್ಲ, ಮೊಕದ್ದಮೆ ಬಿದ್ದುಹೋಯಿತು, ಎರಡನೆಯದಾಗಿ ಬಂದಿದ್ದ ಆರ್ಲಾಂಡೊಗೆ ಡರ್ಬಿ ಸಂದಿತು. ನ್ಯಾಯಾಧೀಶರ ಆ ಬೇಡಿಕೆ ಎಷ್ಟು ಸರಿಯಾದದ್ದು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಕುದುರೆ ಯಾವುದೆಂಬ ಪ್ರಶ್ನೆಗೆ ಕುದುರೆಯ ಮೈಯೇ ಮೊದಲ ಸಾಕ್ಷಿ, ಕಾಗದ ಆಮೇಲೆ.

ಚಿಪ್ ಬಂದ ಮೇಲೂ ಅದಲುಬದಲು ನಿಂತಿಲ್ಲ. 2017ರ ಜುಲೈಯಲ್ಲಿ ಗ್ರೇಟ್ ಯಾರ್ಮತ್‌ನಲ್ಲಿ ಎರಡು ವರ್ಷದ ಕುದುರೆಗಳ ಓಟವನ್ನು ಮಿಲೀಸ್ ಕಿಸ್ ಎಂಬ ಹೆಸರಿನಲ್ಲಿ ಗೆದ್ದದ್ದು, ಅದೇ ಲಾಯದ ಮೂರು ವರ್ಷದ ಮ್ಯಾಂಡರಿನ್ ಪ್ರಿನ್ಸೆಸ್. ಗೊಂದಲದಲ್ಲಿ ಒಂದರ ಬದಲು ಇನ್ನೊಂದು ಓಡಿತ್ತು. ಓಟದ ನಂತರ ಚಿಪ್ ಓದಿದಾಗಲೇ ಅದು ಗೊತ್ತಾದದ್ದು. ಚಿಪ್ ಕತ್ತಿನಲ್ಲಿ ಇದ್ದರೆ ಸಾಲದು, ಸರಿಯಾದ ಹೊತ್ತಿಗೆ ಅದನ್ನು ಯಾರಾದರೂ ಓದಬೇಕು.

ಊಟದ ತಟ್ಟೆಗೂ ಇದಕ್ಕೂ ನಂಟಿದೆ. ಕುದುರೆಯ ಕಾಲುನೋವಿಗೆ ಅಲ್ಲಿ ಎಲ್ಲರೂ ಕೊಡುವ ಮದ್ದು ಫಿನೈಲ್‌ಬ್ಯೂಟಜೋನ್. ಆಡುಮಾತಿನಲ್ಲಿ ಬ್ಯೂಟ್. ಅಪರೂಪಕ್ಕಾದರೂ ಅದು ಮನುಷ್ಯರ ಅಸ್ಥಿಮಜ್ಜೆಯಲ್ಲಿ ರಕ್ತಕಣ ಹುಟ್ಟುವುದನ್ನೇ ನಿಲ್ಲಿಸಬಹುದಾದ್ದರಿಂದ, ಬ್ಯೂಟ್ ತಿಂದ ಕುದುರೆಯನ್ನು ಮಾಂಸಕ್ಕೆ ಬಳಸುವಂತಿಲ್ಲ. ಅದನ್ನು ದಾಖಲಿಸಲೆಂದೇ ಪಾಸ್‌ಪೋರ್ಟಿನಲ್ಲಿ ಔಷಧಿ ಪುಟವಿದೆ. 2013ರ ಜನವರಿಯಲ್ಲಿ ದನದ ಮಾಂಸದ್ದೆಂದು ಮಾರುತ್ತಿದ್ದ ಬರ್ಗರುಗಳಲ್ಲಿ ಕುದುರೆಯ ಅಂಶ ಇರುವುದನ್ನು ಐರ್ಲೆಂಡಿನ ಆಹಾರ ಸುರಕ್ಷತಾ ಪ್ರಾಧಿಕಾರ ಬಯಲು ಮಾಡಿತು. ಮರುತಿಂಗಳು ಬ್ರಿಟನ್ನಿನ ಕಸಾಯಿಖಾನೆಗಳಲ್ಲಿ ಪರೀಕ್ಷಿಸಿದ 206 ಕುದುರೆಗಳಲ್ಲಿ 8ರ ಮೈಯಲ್ಲಿ ಬ್ಯೂಟ್ ಸಿಕ್ಕಿತು. ಇಷ್ಟಾದರೂ 2024ರ ಜೂನ್‌ನಲ್ಲಿ ಐರ್ಲೆಂಡಿನ ಆರ್‌ಟಿಇ ವಾಹಿನಿ ತನ್ನ ತನಿಖಾ ಕಾರ್ಯಕ್ರಮದಲ್ಲಿ, ವಧೆಗೆ ಬಂದ ಕುದುರೆಗಳ ಗುರುತನ್ನು ಚಿಪ್ ಮತ್ತು ಪಾಸ್‌ಪೋರ್ಟಿನ ಮಟ್ಟದಲ್ಲೇ ಬದಲಿಸುತ್ತಿರುವ ದೃಶ್ಯಗಳನ್ನು ತೋರಿಸಿತು.

ರೋಗದ ವಿಷಯವೂ ಹೀಗೆಯೇ. 2019ರ ಫೆಬ್ರವರಿಯಲ್ಲಿ ಕುದುರೆ ಫ್ಲೂ ಕಾಣಿಸಿಕೊಂಡಾಗ ಬ್ರಿಟನ್ನಿನಲ್ಲಿ ರೇಸುಗಳನ್ನೇ ಆರು ದಿನ ನಿಲ್ಲಿಸಬೇಕಾಯಿತು. ಯಾವ ಕುದುರೆಗೆ ಯಾವಾಗ ಲಸಿಕೆ ಬಿದ್ದಿದೆ ಎಂಬ ಪುಟ ಸುಳ್ಳಾಗಿದ್ದರೆ ಇಡೀ ಲಾಯವೇ ಅಪಾಯಕ್ಕೆ ಸಿಕ್ಕುತ್ತದೆ.

ಬ್ರಿಟನ್ನಿನ ವ್ಯವಸ್ಥೆಯ ದೊಡ್ಡ ಕೊರತೆ ಎಂದು ನನಗೆ ಕಾಣುವುದು ಪಾಸ್‌ಪೋರ್ಟ್ ಕೊಡುವ ಸಂಸ್ಥೆಗಳು ಹತ್ತಾರು ಇರುವುದು. ತಳಿಗೊಂದು ಸಂಘ, ಸಂಘಕ್ಕೊಂದು ಪುಸ್ತಕ. ಕೇಂದ್ರ ದಾಖಲೆ ಭಂಡಾರ ಬಂದದ್ದು ತೀರಾ ತಡವಾಗಿ. ಈಗ ಅದರ ನೆರವಿನಿಂದ ಚಿಪ್ಪಿನ ಅಂಕಿ ಕೊಟ್ಟರೆ, ಆ ಕುದುರೆ ನೋಂದಾಯಿತವಾಗಿದೆಯೇ, ಕಳವಾಗಿದೆಯೆಂಬ ದೂರಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಇದನ್ನು ಕೊಳ್ಳುವ ಮೊದಲೇ ಮಾಡಬೇಕು. ಮಾರುವವರ ಅಂಗಳದಲ್ಲೇ ಸ್ಕ್ಯಾನರ್ ಹಿಡಿಸಬೇಕು, ಪುಸ್ತಕವನ್ನು ಆಮೇಲೆ ಅಂಚೆಯಲ್ಲಿ ಕಳಿಸುತ್ತೇವೆ ಎಂದರೆ ದುಡ್ಡು ಕೊಡಬಾರದು. ಪಾಸ್‌ಪೋರ್ಟ್ ಇಲ್ಲದೆ ಮಾರುವುದೇ ಅಲ್ಲಿ ಕಾನೂನಿಗೆ ವಿರುದ್ಧ. ಪಶುವೈದ್ಯರಿಂದ ಐದು ಹಂತದ ತಪಾಸಣೆ ಮಾಡಿಸಿದರೆ ರಕ್ತದ ಮಾದರಿಯನ್ನೂ ತೆಗೆದು ಸಾಮಾನ್ಯವಾಗಿ ಆರು ತಿಂಗಳು ಕಾದಿಡುತ್ತಾರೆ. ನೋವು ಮರೆಸುವ ಮದ್ದು ಕೊಟ್ಟು ಮಾರಿದ್ದರೆ ಅದೇ ಹೇಳುತ್ತದೆ.

ಕೊಂಡ ಮೇಲೆ ತೊಡಕು ಕಂಡರೆ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಬೇಕು. ಮಾರಿದವರ ಜತೆಗಿನ ಮಾತನ್ನು ಬರಹದಲ್ಲೇ ಇಟ್ಟುಕೊಳ್ಳಬೇಕು. ವ್ಯಾಪಾರಿಯಿಂದ ಕೊಂಡಿದ್ದರೆ, 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಹೇಳಿದ್ದಕ್ಕೆ ಹೊಂದದ ಕುದುರೆಯನ್ನು 30 ದಿನಗಳೊಳಗೆ ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದು. ಖಾಸಗಿಯವರಿಂದ ಕೊಂಡಿದ್ದರೆ ಅಷ್ಟು ರಕ್ಷಣೆಯಿಲ್ಲ, ಸುಳ್ಳು ಹೇಳಿ ಮಾರಿದರೆಂದು ರುಜುವಾತು ಮಾಡಬೇಕಾಗುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿದ್ದ ಮಾತ್ರಕ್ಕೆ ಕುದುರೆ ನಮ್ಮದಾಗುವುದಿಲ್ಲ ಎಂಬುದೂ ನೆನಪಿರಲಿ, ಅದು ಗುರುತಿನ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಚಿಪ್ ಓದಲು ಬಾರದೆಂದು ತಕ್ಷಣ ಇನ್ನೊಂದು ಹಾಕಿಸಿಬಿಡುವುದು ಮಾತ್ರ ಬೇಡ. ಹಳೆಯ ಗುರುತಿನ ಎಳೆ ಅಲ್ಲಿಗೆ ಕಡಿದುಹೋಗುತ್ತದೆ.

ನಮ್ಮಲ್ಲಿ ಇಷ್ಟು ಬಿಗಿಯಾದ ದಾಖಲೆ ಇರುವುದು ರೇಸ್ ಕುದುರೆಗಳಿಗೆ. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟಿದ ಥರೋಬ್ರೆಡ್ ಮರಿಯ ವಂಶಾವಳಿಯೂ ಪುಣೆಯಲ್ಲಿರುವ ಸ್ಟಡ್ ಬುಕ್ ಪ್ರಾಧಿಕಾರದ ಪುಸ್ತಕ ಸೇರುತ್ತದೆ. ಮದುವೆ ಮೆರವಣಿಗೆಯ ಕುದುರೆಗೂ, ಟಾಂಗಾ ಕುದುರೆಗೂ ಅಂಥ ಪುಸ್ತಕವಿಲ್ಲ. ಕೊಳ್ಳುವವರು ಹಲ್ಲು, ಸುಳಿ, ಮಾರುವವನ ಮಾತು ಇಷ್ಟನ್ನೇ ನಂಬಿರುತ್ತಾರೆ. ಆ ಕುದುರೆಗಳಿಗೂ ಒಂದು ಗುರುತು ಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಅದರ ಕಾಯಿಲೆಯ ಕತೆಯೂ ಜತೆಗೆ ಹೋದರೆ ಹೊಸಬರು ಅದನ್ನು ಹಾಗೆ ನೋಡಿಕೊಳ್ಳಬಹುದು.

ಬ್ರಿಟನ್ನಿನಲ್ಲಿ ಕುದುರೆ ಕೊಂಡವರು 30 ದಿನಗಳೊಳಗೆ ತಮ್ಮ ಹೆಸರಿಗೆ ಪಾಸ್‌ಪೋರ್ಟ್ ಬದಲಿಸಿಕೊಳ್ಳಬೇಕು. ಕುದುರೆ ಸತ್ತಾಗಲೂ ಅಷ್ಟೇ ದಿನಗಳೊಳಗೆ ಪುಸ್ತಕವನ್ನು ಕೊಟ್ಟ ಸಂಸ್ಥೆಗೆ ಹಿಂದಿರುಗಿಸಬೇಕು. ಸಾಕಿದ ಪ್ರಾಣಿ ಹೋದ ದುಃಖದಲ್ಲಿ ಬಹಳ ಮಂದಿ ಅದನ್ನು ಕಪಾಟಿನಲ್ಲಿಟ್ಟು ಮರೆಯುತ್ತಾರೆ, ಇಲ್ಲವೇ ಶವ ಸಾಗಿಸಲು ಬಂದವರ ಕೈಗೆ ಕೊಟ್ಟು ಕಳಿಸುತ್ತಾರೆ. ಹಾಗೆ ಕೈತಪ್ಪಿದ ಪುಸ್ತಕವನ್ನು ಬೇರೊಂದು ಕುದುರೆಗೆ ಅಂಟಿಸುವುದು ಸುಲಭ. ನೆನಪಿಗೆ ಬೇಕೆಂದು ಕೇಳಿಕೊಂಡರೆ, ಸಂಸ್ಥೆಗಳು ಅದನ್ನು ರದ್ದುಪಡಿಸಿ ಮತ್ತೆ ಯಾರೂ ಬಳಸದಂತೆ ಮಾಡಿ ಮನೆಗೇ ವಾಪಸು ಕಳಿಸುವುದುಂಟು.