ಕಟ್ಟುವ ವಿದ್ಯೆ, ಕಟ್ಟಿಸುವ ವಿದ್ಯೆ

ಸಿವಿಲ್ ಎಂಜಿನಿಯರಿಂಗ್ ಪದವಿ ಪಡೆದ ಮಗನೋ ಮಗಳೋ ಮತ್ತೆರಡು ವರ್ಷ ನಿರ್ಮಾಣ ನಿರ್ವಹಣೆಯನ್ನು ಓದುವೆನೆಂದಾಗ ಮನೆಯ ಹಿರಿಯರು ಚಿಂತೆಗೊಳಗಾಗುವುದು ಸಹಜ. ಕಟ್ಟಲು ಕಲಿತವರು ಕಟ್ಟಿಸಲು ಬೇರೆ ಕಲಿಯಬೇಕೇ ಎಂಬುದು ಅವರ ಪ್ರಶ್ನೆ. ಬೇಕೆಂದೇ ನಾವು ಹೇಳುವೆವು.

ಕಾಂಕ್ರೀಟು ತೊಲೆ ಎಷ್ಟು ಭಾರ ತಾಳೀತೆಂದು ತಿಳಿಸುವುದು ಸಿವಿಲ್ ವಿದ್ಯೆ. ಅದಕ್ಕೆ ಬೇಕಾದ ಸಿಮೆಂಟು, ಕಬ್ಬಿಣ, ಹಣ, ಆಳುಗಳು ತಕ್ಕ ದಿನ ತಕ್ಕ ಸ್ಥಳದಲ್ಲಿ ಕೂಡಿಬರುವಂತೆ ಮಾಡುವುದು ನಿರ್ವಹಣಾ ವಿದ್ಯೆ. ಅಂದಾಜುಪಟ್ಟಿ, ಟೆಂಡರು, ಕರಾರು, ಗುಣಪರೀಕ್ಷೆ, ಕಾರ್ಮಿಕ ಕಾನೂನು, ಸುರಕ್ಷತೆ ಇವು ಅದರ ಪಾಠಗಳು.

ಇವುಗಳಲ್ಲಿ ಮುಖ್ಯವಾದುದು ಕಾಲದ ಲೆಕ್ಕ. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಸಂಸ್ಥೆಗಾಗಿ ರೂಪುಗೊಂಡ 'ಕ್ರಿಟಿಕಲ್ ಪಾತ್' ಕ್ರಮವನ್ನು ವಿದ್ಯಾರ್ಥಿಗಳು ಇಂದಿಗೂ ಅಭ್ಯಸಿಸುತ್ತಾರೆ. ಒಂದು ಮುಗಿಯದೆ ಇನ್ನೊಂದು ತೊಡಗದಂಥ ಕೆಲಸಗಳ ಸರಪಣಿಗಳಲ್ಲಿ ಅತಿ ದೀರ್ಘವಾದುದೇ ಆ ಪಥ. ಬೇರೆ ಕೆಲಸ ತುಸು ತಡವಾದರೆ ಸರಿದೂಗಿಸಬಹುದು. ಇದರಲ್ಲಿ ಒಂದು ದಿನ ತಪ್ಪಿದರೆ ಇಡೀ ಕಟ್ಟಡವೇ ಒಂದು ದಿನ ಹಿಂದೆ ಬೀಳುವುದು.

ಆದರೆ ಅವಸರಕ್ಕೂ ಒಂದು ಎಲ್ಲೆಯುಂಟು. ಭಾರತೀಯ ಮಾನಕ ಐಎಸ್ 456:2000ರಂತೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ ತೇವವಾಗಿಡಬೇಕು. ಆಧಾರಗಳ ನಡುವೆ 4.5 ಮೀಟರಿಗಿಂತ ಹೆಚ್ಚು ಅಂತರವಿರುವ ಛಾವಣಿಯ ಸೆಂಟ್ರಿಂಗ್ ಆಸರೆಗಳನ್ನು ಸಾಮಾನ್ಯವಾಗಿ 14 ದಿನ ತೆಗೆಯಬಾರದು. ಬೇಗ ಮುಗಿಸೆಂದು ಮಾಲೀಕರು ಒತ್ತಾಯಿಸಿದಾಗ ನಿರ್ವಾಹಕನು ವಿನಯದಿಂದ, ಆದರೆ ದೃಢವಾಗಿ, ಆಗದೆನ್ನಬೇಕು. ಅವನು ಮಣಿದರೆ ಆ ಛಾವಣಿಯ ಕೆಳಗೆ ದುಡಿಯುವ ಕೂಲಿಯವರ ಪ್ರಾಣಕ್ಕೆ ಹೊಣೆ ಯಾರು? ಲೆಕ್ಕ ಬಲ್ಲವನಿಗಷ್ಟೇ ಹೀಗೆ ಹೇಳುವ ಧೈರ್ಯ ಬರುವುದು. ಈ ಓದಿನ ನಿಜವಾದ ಬೆಲೆ ಅಲ್ಲಿದೆ.

ನಮ್ಮ ನಾಡಿನಲ್ಲಿ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯು ಈ ವಿಷಯದಲ್ಲಿ ಎಂ.ಟೆಕ್. ಶಿಕ್ಷಣ ನೀಡುತ್ತದೆ. ನೆರೆಯ ಪುಣೆಯಲ್ಲಿ, 1983ರಲ್ಲಿ ಆರಂಭವಾದ ನಿಕ್ಮಾರ್ ಸಂಸ್ಥೆಯು ಈಗ ವಿಶ್ವವಿದ್ಯಾಲಯವಾಗಿದೆ.

ಸೇರಿಸುವ ಮೊದಲು ತಾಯಿತಂದೆಯರು ಶುಲ್ಕವನ್ನಷ್ಟೇ ಕೇಳದೆ, ಕಟ್ಟಡದ ಸ್ಥಳದಲ್ಲಿ ಎಷ್ಟು ವಾರಗಳ ತರಬೇತಿ ಇದೆಯೆಂದೂ ವಿಚಾರಿಸಲಿ. ಬಿಸಿಲಿನಲ್ಲಿ ನಿಂತು ಅನುಭವಿ ಮೇಸ್ತ್ರಿಯಿಂದ ಕಲಿಯಲು ನಾಚುವವರಿಗೆ ಯಾವ ಪದವಿಯೂ ಈ ವೃತ್ತಿಯನ್ನು ಕಲಿಸಲಾರದು.