ಎಕ್ಕದ ಗಿಡವೂ ಹಿತ್ತಲ ಚಿಟ್ಟೆಯೂ



ರಥಸಪ್ತಮಿಯ ಬೆಳಗಿನ ಸ್ನಾನಕ್ಕೆ ಎಕ್ಕದ ಎಲೆ ಬೇಕೆಂದು ನಾವು ಹುಡುಕಿಕೊಂಡು ಹೋಗುತ್ತೇವೆ. ಬಿಳಿ ಎಕ್ಕ ಕಂಡರೆ ಗಣಪತಿಗೆಂದು ಹೂವು ಕೀಳುತ್ತೇವೆ. ಉಳಿದ ದಿನಗಳಲ್ಲಿ ಅದೇ ಎಕ್ಕ ನಮ್ಮ ಕಣ್ಣಿಗೆ ಬರೀ ಕಳೆ. ಚನ್ನರಾಯಪಟ್ಟಣದ ಕಡೆಯ ಕೆರೆ ಏರಿಯಾಗಲಿ, ಹೊಳೆನರಸೀಪುರದ ಕಡೆಯ ನಾಲೆ ಬದುವಾಗಲಿ, ಹಾಸನ, ಅರಕಲಗೂಡುಗಳ ರಸ್ತೆ ಪಕ್ಕವಾಗಲಿ, ಎಕ್ಕ ತಾನಾಗಿ ಹುಟ್ಟುತ್ತದೆ; ನಾವು ಮಚ್ಚು ಹಿಡಿದು ಕಡಿಯುತ್ತೇವೆ. ಈಗೀಗ ಕಳೆನಾಶಕವನ್ನೂ ಹೊಡೆಯುತ್ತೇವೆ. ಹೀಗೆ ಕಡಿಯುವ ಮುಂಚೆ ಅದರ ಎಲೆಯನ್ನೊಮ್ಮೆ ಮಗುಚಿ ನೋಡಿ ಎಂದು ಹೇಳುವುದಕ್ಕೇ ಈ ಮಾತು.

ಎಲೆಯ ಅಡಿಯಲ್ಲಿ ಬಿಳಿ, ಕಪ್ಪು, ಹಳದಿ ಪಟ್ಟೆಗಳ ಒಂದು ಹುಳು ಕಂಡೀತು. ಮೈಮೇಲೆ ರೋಮವಿಲ್ಲ. ಬೆನ್ನ ಮೇಲೆ ಮೂರು ಜೊತೆ ಕರಿಯ ಎಳೆಗಳು ಮೀಸೆಯಂತೆ ನಿಂತಿರುತ್ತವೆ. ಇದು ಪ್ಲೇನ್ ಟೈಗರ್ ಎಂಬ ಚಿಟ್ಟೆಯ ಮರಿ. ಕಿತ್ತಳೆ ಬಣ್ಣದ ರೆಕ್ಕೆ, ತುದಿಯಲ್ಲಿ ಕಪ್ಪು, ಆ ಕಪ್ಪಿನಲ್ಲಿ ಬಿಳಿ ಮಚ್ಚೆ. ಅವಸರವಿಲ್ಲದೆ ತಗ್ಗಿನಲ್ಲೇ ಹಾರುವ ಈ ಚಿಟ್ಟೆಯನ್ನು ನೀವೆಲ್ಲ ನೋಡಿಯೇ ಇರುತ್ತೀರಿ.

"ಅಲ್ಲ ಸ್ವಾಮಿ, ಹುಳ ಸಾಕೋಕೆ ಗಿಡ ಬೆಳೆಸಬೇಕಾ? ನಾಳೆ ಅದು ನಮ್ಮ ಆಲೂಗೆಡ್ಡೆಗೆ ಬಿದ್ರೆ ಏನು ಗತಿ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ರೇಷ್ಮೆ ಸಾಕಿದವರಿಗೆ ಇದರ ಉತ್ತರ ಸುಲಭವಾಗಿ ತಿಳಿಯುತ್ತದೆ. ರೇಷ್ಮೆಹುಳುವಿಗೆ ಹಿಪ್ಪುನೇರಳೆ ಸೊಪ್ಪೇ ಬೇಕು. ರಾಗಿ ಪೈರಿನ ಮೇಲೆ ಬಿಟ್ಟರೆ ಅದು ಉಪವಾಸ ಸಾಯುತ್ತದೆ. ಹಾಗೆಯೇ ಈ ಪಟ್ಟೆಹುಳುವಿಗೆ ಎಕ್ಕ, ಇಲ್ಲವೇ ಎಕ್ಕದ ಕುಲಕ್ಕೆ ಸೇರಿದ ಹಾಲುಗಿಡ, ಹಾಲುಬಳ್ಳಿ ಬೇಕು. ಕಳ್ಳಿಯಲ್ಲೂ ಹಾಲುಂಟು, ಆದರೆ ಅದರ ಕುಲ ಬೇರೆ, ಅದು ಇದಕ್ಕಾಗದು. ಆಲೂಗೆಡ್ಡೆ, ಹೊಗೆಸೊಪ್ಪು ತಿನ್ನುವ ಹುಳುವಿನ ಪತಂಗ ರಾಶಿ ರಾಶಿಯಾಗಿ ಮೊಟ್ಟೆಯಿಡುತ್ತದೆ. ಈ ಚಿಟ್ಟೆ ಒಂದೊಂದೇ ಮೊಟ್ಟೆಯನ್ನು ಬೇರೆ ಬೇರೆ ಕಡೆ ಅಂಟಿಸುತ್ತದೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮೊಟ್ಟೆ ಕೆಲವೇ ದಿನಗಳಲ್ಲಿ ಒಡೆಯುತ್ತದೆ. ಹುಳು ಸುಮಾರು ಎರಡು ವಾರ ಎಲೆ ತಿಂದು ಬೆಳೆದು, ಬಳಿಕ ತಲೆಕೆಳಗಾಗಿ ನೇತುಬಿದ್ದು ಹಸಿರು ಇಲ್ಲವೇ ನಸುಗೆಂಪಿನ ಕೋಶವಾಗುತ್ತದೆ. ರೇಷ್ಮೆಗೂಡಿನಂತೆ ಇದಕ್ಕೆ ನೂಲಿನ ಹೊದಿಕೆಯಿಲ್ಲ. ಹವೆ ಬೆಚ್ಚಗಿದ್ದರೆ ಒಂದೆರಡು ವಾರದಲ್ಲಿ ಚಿಟ್ಟೆ ಹೊರಬರುತ್ತದೆ. ಎಕ್ಕದ ಹಾಲಿನ ವಿಷ ಹುಳುವಿನ ಮೈಯಲ್ಲಿ ಸೇರಿ ಚಿಟ್ಟೆಗೂ ಉಳಿಯುತ್ತದೆ. ಒಮ್ಮೆ ಕಚ್ಚಿ ಕಹಿ ಕಂಡ ಹಕ್ಕಿ ಮತ್ತೆ ಅದರ ತಂಟೆಗೆ ಬರುವುದು ಕಡಿಮೆ.

ಅಮೆರಿಕ ದೇಶದಲ್ಲಿ ಇದರ ದಾಯಾದಿಯೊಂದುಂಟು. ಮೊನಾರ್ಕ್ ಎಂದು ಹೆಸರು. ಅದರ ಮರಿಗೂ ಅಲ್ಲಿಯ ಹಾಲುಗಿಡಗಳೇ ಆಹಾರ. ಹೊಲಗಳಲ್ಲಿ ಕಳೆನಾಶಕದ ಬಳಕೆ ಹೆಚ್ಚಿ ಆ ಗಿಡಗಳು ಅಳಿದದ್ದು ಚಿಟ್ಟೆಗಳು ಕಡಿಮೆಯಾಗಲು ಒಂದು ಮುಖ್ಯ ಕಾರಣವೆನ್ನುತ್ತಾರೆ. ಈಗ ಅಲ್ಲಿನ ಜನ ಹಾಲುಗಿಡವನ್ನು ಮನೆಯಂಗಳದಲ್ಲಿ ನೆಡುತ್ತಿದ್ದಾರೆ. ನಮ್ಮ ಚಿಟ್ಟೆಗೆ ಇನ್ನೂ ಆ ಗತಿ ಬಂದಿಲ್ಲ. ಬರದಂತೆ ನೋಡಿಕೊಳ್ಳುವುದಕ್ಕೆ ಖರ್ಚೂ ಇಲ್ಲ.

ಬೆಳೆಸುವ ಬಗೆ ಹೀಗೆ. ಬೇಲಿಯ ಮೂಲೆಯಲ್ಲಿ, ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಆರಿಸಿ. ಮೊಳದುದ್ದದ ಬಲಿತ ಕಡ್ಡಿ ತಂದು, ಹಾಲು ಆರಲೆಂದು ಒಂದೆರಡು ದಿನ ನೆರಳಲ್ಲಿಟ್ಟು, ಮುಂಗಾರಿನ ಮೊದಲ ಮಳೆಗೆ ನೆಡಿ. ಬೇರು ಹಿಡಿದ ಮೇಲೆ ಗೊಬ್ಬರವೂ ಬೇಡ, ನೀರೂ ಬೇಡ. ಒಂದು ಮನೆಗೆ ಎರಡು ಗಿಡ ಸಾಕು. ಚಿಟ್ಟೆ ಎಳೆ ಎಲೆಯನ್ನೇ ಹೆಚ್ಚಾಗಿ ಮೆಚ್ಚುವುದರಿಂದ, ಒಂದು ಗಿಡವನ್ನು ಹಾಗೇ ಬಿಟ್ಟು ಇನ್ನೊಂದನ್ನು ಸವರಿ, ಚಿಗುರು ಬರುತ್ತದೆ. ಕಾಯಿ ಒಡೆದು ಅರಳೆ ಹಾರುವ ಮುಂಚೆ ಕಿತ್ತುಬಿಟ್ಟರೆ ಗಿಡ ಹೊಲಕ್ಕೆ ಹಬ್ಬುವುದಿಲ್ಲ.

ಹುಳು ಎಲೆಯನ್ನೆಲ್ಲ ತಿಂದು ಗಿಡ ಬೋಳಾದರೂ ಗಾಬರಿಯಾಗಬೇಡಿ, ಮತ್ತೆ ಚಿಗುರುತ್ತದೆ. ಎಲೆಯ ಮೇಲೆ ಹಳದಿ ಹೇನು ಮುತ್ತಿದರೆ ಔಷಧಿ ಹೊಡೆಯಬೇಡಿ. ಗುಲಗಂಜಿ ಹುಳು ಬಂದು ಅವನ್ನು ತಿನ್ನುತ್ತದೆ. ಬಣ್ಣಬಣ್ಣದ ಎಕ್ಕದ ಮಿಡತೆ ಮಾತ್ರ ಹೆಚ್ಚಾದರೆ ಪಕ್ಕದ ತರಕಾರಿಗೂ ಬಾಯಿ ಹಾಕುತ್ತದೆ. ಅದನ್ನು ಬೆಳಗಿನ ತಂಪಿನಲ್ಲಿ ಕೈಯಿಂದ ಹಿಡಿದು ತೆಗೆಯಿರಿ. ಹೊಲಕ್ಕೆ ಔಷಧಿ ಹೊಡೆಯುವಾಗ ಗಾಳಿ ಹಿತ್ತಲ ಕಡೆ ಬೀಸುತ್ತಿದ್ದರೆ ಸ್ವಲ್ಪ ತಾಳಿ.

ಇನ್ನು ಬಹಳ ಮುಖ್ಯವಾದ ಮಾತು. ತಾಯಂದಿರು ಗಮನವಿಟ್ಟು ಕೇಳಬೇಕು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮೊದಲಿಗೆ ನೋವೇ ಇಲ್ಲದಿರಬಹುದು. ಆಮೇಲೆ ಕಣ್ಣು ಮಂಜಾಗುತ್ತದೆ. ನೋವಿಲ್ಲ ಅಂತ ಸುಮ್ಮನಿರಬೇಡಿ. ಕೂಡಲೇ ಶುದ್ಧ ನೀರಿನಿಂದ ಕಾಲು ಗಂಟೆ ಬಿಡದೆ ತೊಳೆದು, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎದೆಹಾಲು, ಹರಳೆಣ್ಣೆ ಹಾಕಬೇಡಿ. ಗಿಡ ಸವರಿದ ಕೈಯನ್ನು ಸೋಪು ಹಾಕಿ ತೊಳೆಯುವ ತನಕ ಮುಖ ಮುಟ್ಟಬೇಡಿ. ಮಕ್ಕಳು ಆಡುವ ಜಾಗದಲ್ಲೂ, ದನ ಕಟ್ಟುವ ಕೊಟ್ಟಿಗೆಯ ಬಳಿಯಲ್ಲೂ ಎಕ್ಕ ಬೇಡ. ಬದುವಿನ ಎಕ್ಕವನ್ನು ದನ ಮೂಸಿ ಬಿಡುತ್ತದೆ ನಿಜ, ಆದರೆ ಮೇವಿನೊಳಗೆ ಬೆರೆತರೆ ವಿಷವೇ.

ಇಷ್ಟೆಲ್ಲ ಮಾಡಿದರೆ ನಮಗೇನು ಲಾಭ ಎನ್ನುವಿರಾ? ಚಿಟ್ಟೆಯಿಂದ ಆಲೂಗೆಡ್ಡೆಯ ಇಳುವರಿ ಏರುತ್ತದೆಂದು ಹೇಳಿದರೆ ಸುಳ್ಳಾದೀತು. ಆದರೆ ಎಕ್ಕದ ಹೂವಿಗೆ ಬರುವ ದೊಡ್ಡ ಕರಿ ದುಂಬಿ ನಿಮ್ಮ ಅವರೆ ಹೂವಿಗೂ, ಸೆಣಬಿನ ಹೂವಿಗೂ ಹೋಗಿ ಕಾಯಿ ಕಚ್ಚಲು ನೆರವಾಗುತ್ತದೆ. ಅದಕ್ಕಿಂತಲೂ, ಯಾವ ಹುಳು ಬೆಳೆಯ ವೈರಿ, ಯಾವುದು ಅಲ್ಲ ಎಂದು ಮನೆಯ ಮಕ್ಕಳು ಕಣ್ಣಾರೆ ಕಂಡು ಕಲಿಯುತ್ತಾರೆ. ಹುಳು ಕಂಡೊಡನೆ ಔಷಧಿ ಡಬ್ಬಿಗೆ ಕೈಹಾಕದೆ, ಮೊದಲು ಅದು ಯಾವ ಹುಳುವೆಂದು ನೋಡುವ ರೈತನಿಗೆ ಖರ್ಚೂ ಉಳಿಯುತ್ತದೆ.

ಈ ಮುಂಗಾರಿಗೆ ಬೇಲಿ ಸವರುವಾಗ ಒಂದೆರಡು ಎಕ್ಕ ಉಳಿಸಿ. ಇಲ್ಲದವರು ಒಂದು ಕಡ್ಡಿ ಊರಿ.