ಹತ್ತು ಕುದುರೆಯ ಬಗ್ಗಿ

ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಸೇಲಂನಿಂದ ಬರುವ 544 ಅಲ್ಲಿಗೆ ಬಂದು ಸೇರುತ್ತದೆ. ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ 66 ಆ ಊರನ್ನು ಹಾದು ಮುಂದೆ ಸಾಗುತ್ತದೆ. ಈ 66ನ್ನೇ ಹಿಡಿದು ಉತ್ತರಕ್ಕೆ ಬಂದರೆ ಕಾಸರಗೋಡು, ಮಂಗಳೂರು ದಾಟಿ ಸುರತ್ಕಲ್‌ನಲ್ಲಿ ಎನ್‌ಐಟಿಕೆ ಸಿಗುತ್ತದೆ. ಇನ್ನಷ್ಟು ದೂರ ಹೋಗಿ ಉಡುಪಿಯಲ್ಲಿ ಬಲಕ್ಕೆ ಹೊರಳಿ ಘಟ್ಟದ ಕಡೆ ಏರಿದರೆ ಮಣಿಪಾಲದ ಎಂಜಿನಿಯರಿಂಗ್ ಕಾಲೇಜು. ಕರಾವಳಿಯ ಈ ಎರಡು ಎಂಜಿನಿಯರಿಂಗ್ ಕಾಲೇಜುಗಳ ಹಾಗೆಯೇ ಕೇರಳದ ಹಲವು ಕಾಲೇಜುಗಳ ವರ್ಕ್‌ಶಾಪುಗಳಲ್ಲೂ ಹುಡುಗ ಹುಡುಗಿಯರು ರಾತ್ರಿಯೆಲ್ಲ ಎದ್ದು ಒಂದು ವಾಹನ ಕಟ್ಟುತ್ತಾರೆ. ಅದಕ್ಕೆ ನಂಬರ್ ಪ್ಲೇಟಿಲ್ಲ, ಬಾಗಿಲಿಲ್ಲ, ಗಾಜಿಲ್ಲ. ಈ ಹೆದ್ದಾರಿಗೆ ಅದು ಇಳಿಯುವಂತೆಯೂ ಇಲ್ಲ. ಕಲ್ಲು, ಕೆಸರು, ಹಳ್ಳ, ದಿಣ್ಣೆಗಳೇ ಅದರ ದಾರಿ.

ಉಕ್ಕಿನ ಕೊಳವೆಗಳ ಒಂದು ಪಂಜರ, ಒಳಗೆ ಒಂದೇ ಸೀಟು, ಸೀಟಿನ ಬೆನ್ನಿಗೆ ಎಂಜಿನ್, ನಾಲ್ಕು ಮೂಲೆಗೆ ಚಾಚಿಕೊಂಡ ಉಬ್ಬುತಗ್ಗು ಹಲ್ಲಿನ ಚಕ್ರಗಳು. ಇದು ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯ ಬಗ್ಗಿ. ಮಹೀಂದ್ರ ಕಂಪನಿಯ ಬೆಂಬಲದೊಂದಿಗೆ 2007ರಲ್ಲಿ ಶುರುವಾದ ಈ ಸ್ಪರ್ಧೆಯ ಹೆಸರಿಗೆ ಮಧ್ಯಪ್ರದೇಶದ ಪೀಥಂಪುರ ಅಂಟಿಕೊಂಡುಬಿಟ್ಟಿದೆ. ಇಂದೋರ್ ಪಕ್ಕದ ಆ ಊರಿನಲ್ಲಿರುವ ವಾಹನ ಪರೀಕ್ಷಾ ಕೇಂದ್ರ ನ್ಯಾಟ್ರಾಕ್ಸ್‌ನ ನೆಲದಲ್ಲಿ ದೇಶದ ಮೂಲೆ ಮೂಲೆಯ ಕಾಲೇಜುಗಳ ತಂಡಗಳು ತಮ್ಮ ಬಗ್ಗಿಯನ್ನು ಲಾರಿಯಲ್ಲಿ ಹೇರಿಕೊಂಡು ಹೋಗಿ ಇಳಿಸುತ್ತವೆ. ಎನ್‌ಐಟಿಕೆ ರೇಸಿಂಗ್, ಟೀಮ್ ಮಣಿಪಾಲ್ ರೇಸಿಂಗ್ ತಂಡಗಳು ಈ ಅಖಾಡದಲ್ಲಿ ಪಳಗಿದವು.

ಬಾಹಾ ಎಂಬುದು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಎಂಬ ಮರಳುಗಾಡಿನ ಪರ್ಯಾಯದ್ವೀಪದಿಂದ ಬಂದ ಹೆಸರು. ಅಮೆರಿಕದ ಬ್ರೂಸ್ ಮೇಯರ್ಸ್ ಎಂಬ ದೋಣಿ ಕಟ್ಟುವ ಮನುಷ್ಯ 1964ರಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಮತ್ತು ಅಂಗಾಂಗಗಳಿಗೆ ಫೈಬರ್‌ಗ್ಲಾಸ್ ಮೈ ತೊಡಿಸಿ ಮರಳಿನ ಮೇಲೆ ಓಡುವ ಬಗ್ಗಿ ಮಾಡಿದ. ಮೇಯರ್ಸ್ ಮ್ಯಾಂಕ್ಸ್ ಎಂದು ಅದು ಹೆಸರಾಯಿತು. 1967ರಲ್ಲಿ ಆ ಪರ್ಯಾಯದ್ವೀಪದ ಉದ್ದಕ್ಕೂ ನಡೆದ ಮೊದಲ ದೊಡ್ಡ ರೇಸನ್ನು ಅಂಥದೇ ಒಂದು ಮ್ಯಾಂಕ್ಸ್ 27 ಗಂಟೆ 38 ನಿಮಿಷದಲ್ಲಿ ಓಡಿ ಗೆದ್ದಿತು. ಹಿಂದೆ ಬಿದ್ದವುಗಳಲ್ಲಿ ಮ್ಯಾಂಕ್ಸ್‌ಗಿಂತ ಬಲವಾದ ಗಾಡಿಗಳಿದ್ದವು. ಹಗುರವಾಗಿರುವುದು ಬಲಕ್ಕಿಂತ ದೊಡ್ಡದು ಎಂಬುದನ್ನು ಕಟ್ಟುವವರು ಅಂದಿನಿಂದ ಮರೆತಿಲ್ಲ. 1976ರಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಈ ಬಗ್ಗಿ ಓಟ ವಿದ್ಯಾರ್ಥಿಗಳ ಸ್ಪರ್ಧೆಯ ರೂಪ ಪಡೆಯಿತು.

ಸ್ಪರ್ಧೆಯ ಜೀವಾಳ ಒಂದು ನಿಯಮದಲ್ಲಿದೆ. ಎಂಜಿನ್ ಎಲ್ಲರಿಗೂ ಒಂದೇ. ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪನಿಯ 305 ಸಿಸಿಯ, ಒಂದೇ ಸಿಲಿಂಡರಿನ, ಹತ್ತು ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಹುಲ್ಲು ಕತ್ತರಿಸುವ ಯಂತ್ರಕ್ಕೂ ಪಂಪ್‌ಸೆಟ್ಟಿಗೂ ಹೊಂದುವ ಜಾತಿಯದು. ಅದರ ಒಳಗೆ ಕೈ ಹಾಕುವಂತಿಲ್ಲ, ವೇಗವನ್ನು ಕಟ್ಟಿಹಾಕುವ ಗವರ್ನರನ್ನು ಸಡಿಲಿಸುವಂತಿಲ್ಲ. ದುಡ್ಡಿದ್ದವರು ದೊಡ್ಡ ಎಂಜಿನ್ ತಂದು ಗೆಲ್ಲುವ ದಾರಿ ಹೀಗೆ ಮುಚ್ಚಿದೆ. ಹಾಗಾದರೆ ಗೆಲುವು ಎಲ್ಲಿದೆ? ಕೊಳವೆಯ ದಪ್ಪದಲ್ಲಿ, ಚಕ್ರ ಹಿಡಿದ ತೋಳಿನ ಉದ್ದದಲ್ಲಿ, ಬೆಲ್ಟು ಜಾರುವ ಕೋನದಲ್ಲಿ. ಇಷ್ಟು ಒಳ್ಳೆಯ ನಿಯಮ ನಮ್ಮ ತಾಂತ್ರಿಕ ಶಿಕ್ಷಣದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಪಂಜರದಿಂದಲೇ ನೋಡೋಣ. ಗಾಡಿ ಮಗುಚಿದರೆ ಚಾಲಕನ ತಲೆ ಉಳಿಸುವುದು ಅದೇ. ನಿಯಮದ ಅಳತೆಗೋಲು ಹೀಗಿದೆ: ಮುಖ್ಯ ಕೊಳವೆ 25 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪದ್ದಾಗಿರಬೇಕು, ಉಕ್ಕಿನಲ್ಲಿ ಇಂಗಾಲ ಕನಿಷ್ಠ ಶೇ 0.18 ಇರಬೇಕು. ಬೇರೆ ಅಳತೆ ಬೇಕಿದ್ದರೆ ಬಾಗುವಿಕೆಯನ್ನು ಅದು ಅಷ್ಟೇ ಚೆನ್ನಾಗಿ ತಡೆಯುತ್ತದೆ ಎಂದು ಲೆಕ್ಕ ಮಾಡಿ ತೋರಿಸಬೇಕು. ಜಾಣ ತಂಡಗಳು ಕೈ ಹಾಕುವುದು ಇಲ್ಲಿಗೇ. ಕೊಳವೆಯ ಬಾಗದ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತದ ಜೊತೆ ಏರುತ್ತದೆ. ಆದ್ದರಿಂದ ಅಗಲವಾದ, ತೆಳುವಾದ ಕೊಳವೆ ಗೆಲ್ಲುತ್ತದೆ. 29.2 ಮಿ.ಮೀ. ವ್ಯಾಸ, 1.65 ಮಿ.ಮೀ. ದಪ್ಪದ ಕ್ರೋಮಿಯಂ ಮಾಲಿಬ್ಡಿನಂ ಉಕ್ಕಿನ ಕೊಳವೆ ಮೀಟರಿಗೆ ಸುಮಾರು 1.1 ಕೆ.ಜಿ. ತೂಗುತ್ತದೆ, ಮೊದಲಿನದು ಸುಮಾರು 1.6 ಕೆ.ಜಿ. ಬಿಗಿತ ಅಗಲವಾದ ಈ ತೆಳು ಕೊಳವೆಗೇ ತುಸು ಹೆಚ್ಚು. ಪಂಜರಕ್ಕೆ ಹಿಡಿಯುವ ಅಷ್ಟೂ ಮೀಟರಿಗೆ ಈ ಅರ್ಧ ಕೆ.ಜಿ.ಯನ್ನು ಗುಣಿಸಿದರೆ ಉಳಿತಾಯ ಎಷ್ಟೆಂದು ಗೊತ್ತಾಗುತ್ತದೆ. ಒಟ್ಟು ಗಾಡಿಯನ್ನು 200 ಕೆ.ಜಿ.ಗಿಂತ ಕೆಳಗೆ ಇಳಿಸಲು ಹೆಣಗುವವರಿಗೆ ಅದು ದೊಡ್ಡ ಲಾಭ.

ಆದರೆ ಲೆಕ್ಕ ಕಾಗದದ ಮೇಲೆ ನಿಲ್ಲುವುದಿಲ್ಲ. ಮೊದಲು ಪಿವಿಸಿ ಪೈಪಿನಲ್ಲಿ ಪಂಜರದ ಪೂರ್ತಿ ಅಳತೆಯ ಮಾದರಿ ಕಟ್ಟಿ, ತಂಡದ ಎತ್ತರದ ಹುಡುಗನನ್ನು ಹೆಲ್ಮೆಟ್ ಸಮೇತ ಒಳಗೆ ಕೂರಿಸಿ ನೋಡುತ್ತಾರೆ. ಚಾಲಕ ಐದು ಸೆಕೆಂಡಿನೊಳಗೆ ಹೊರಬರಬೇಕೆಂಬ ನಿಯಮವಿದೆ; ಮೊಣಕಾಲು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಕಂಪ್ಯೂಟರಿನ ಚಿತ್ರದಲ್ಲಿ ಕಾಣುವುದಿಲ್ಲ. ಆಮೇಲೆ ಉಕ್ಕಿನ ಕೊಳವೆಯೊಳಗೆ ಮರಳು ತುಂಬಿ, ತುದಿ ಮುಚ್ಚಿ, ಸುಕ್ಕು ಬೀಳದಂತೆ ಬಗ್ಗಿಸುವ ಕೆಲಸ. ಒಂದು ಕೊಳವೆ ಇನ್ನೊಂದರ ಮೈಗೆ ಕೂರುವಂತೆ ತುದಿಯನ್ನು ಅರ್ಧಚಂದ್ರವಾಗಿ ಕೊರೆಯಬೇಕು. ಅಲ್ಲಿ ಒಂದು ಮಿಲಿಮೀಟರ್ ಸಂದು ಬಿಟ್ಟರೂ ಬೆಸುಗೆ ಆ ಸಂದನ್ನು ತುಂಬಲು ಹೋಗಿ ಸೊರಗುತ್ತದೆ. ಬೆಸುಗೆಯನ್ನೂ ಪರೀಕ್ಷೆಗೆ ಒಡ್ಡುತ್ತಾರೆ. ಬೆಸೆದ ಒಂದು ಮಾದರಿಯನ್ನು ಎಳೆದು ಮುರಿಯುತ್ತಾರೆ. ಮುರಿಯಬೇಕಾದದ್ದು ಕೊಳವೆ, ಬೆಸುಗೆಯಲ್ಲ. ಇನ್ನೊಂದನ್ನು ಸೀಳಿ, ಬೆಸುಗೆ ಒಳಗಿನವರೆಗೆ ಇಳಿದಿದೆಯೇ ಎಂದು ನೋಡುತ್ತಾರೆ.

ಈ ಹಂತದಲ್ಲಿ ವಿದ್ಯಾರ್ಥಿಗಳಿಗೆ ನಿಜವಾದ ಗುರುಗಳು ಸಿಗುತ್ತಾರೆ. ಅವರು ಕಾಲೇಜಿನ ಹೊರಗಿನವರು: ಬೆಂಗಳೂರಿನಲ್ಲಾದರೆ ಪೀಣ್ಯದ ಲೇತ್ ಅಂಗಡಿಯ ಟರ್ನರ್‌ಗಳು, ಮಂಗಳೂರಿನಲ್ಲಾದರೆ ಬೈಕಂಪಾಡಿಯ ವೆಲ್ಡರ್‌ಗಳು. ವಿದ್ಯಾರ್ಥಿ ತಂದ ಚಿತ್ರವನ್ನು ನೋಡಿ, ಇದನ್ನು ಕೊರೆಯಲು ಟೂಲ್ ಒಳಗೆ ಹೋಗುವುದೇ ಇಲ್ಲವಲ್ಲ ಎನ್ನುವ ಮೇಸ್ತ್ರಿಯ ಒಂದು ಮಾತಿನಲ್ಲಿ ಒಂದು ಸೆಮಿಸ್ಟರಿನ ಪಾಠವಿರುತ್ತದೆ. ಬಹುಮಾನ ಬಂದಾಗ ವೇದಿಕೆಯ ಮೇಲಿನ ಫೋಟೊದಲ್ಲಿ ಈ ಮೇಸ್ತ್ರಿಗಳು ಇರುವುದಿಲ್ಲ. ಇರಬೇಕು ಎಂಬುದು ನನ್ನ ಆಸೆ.

ಬಿಡಿಭಾಗಗಳಿಗೆ ಗುಜರಿಯೂ ಗತಿ, ಶೋರೂಮೂ ಗತಿ. ಮಾರುತಿ 800ರ ಸ್ಟಿಯರಿಂಗ್ ರ‍್ಯಾಕ್, ಮಹೀಂದ್ರ ಆಲ್ಫಾ ತ್ರಿಚಕ್ರ ಗಾಡಿಯ ಗೇರ್‌ಬಾಕ್ಸ್, ಬೈಕಿನ ಡಿಸ್ಕ್ ಬ್ರೇಕು: ಭಾರತದ ಎಷ್ಟೋ ಬಗ್ಗಿಗಳು ಓಡಿದ್ದು ಇವುಗಳ ಮೇಲೆ. ಕಾಲೇಜಿನ ಹಂಗಿಲ್ಲದೆ ಮನೆಯಂಗಳದಲ್ಲಿ ಬಗ್ಗಿ ಕಟ್ಟುವವರಿಗೆ ಮಾರುತಿ 800 ಇನ್ನೂ ಹತ್ತಿರದ ಬಂಧು. ಅದರ 796 ಸಿಸಿ ಎಂಜಿನ್, ಗೇರ್‌ಬಾಕ್ಸ್, ಆಕ್ಸೆಲ್ ಎಲ್ಲವೂ ಮುಂದಿನ ಚಕ್ರಗಳ ನಡುವೆ ಒಂದೇ ಗಂಟಾಗಿ ಕುಳಿತಿವೆ. ಆ ಗಂಟನ್ನು ಹಾಗೇ ಎತ್ತಿ ಬಗ್ಗಿಯ ಬೆನ್ನಿಗೆ ಕಟ್ಟಿದರೆ ಹಿಂದಿನ ಚಕ್ರ ತಿರುಗುವ ಗಾಡಿ ಸಿದ್ಧ. ಮೇಯರ್ಸ್‌ಗೆ ಬೀಟಲ್ ಒದಗಿದಂತೆ ನಮ್ಮವರಿಗೆ ಇದು ಒದಗಿತು.

ಸ್ಪರ್ಧೆಯ ಬಗ್ಗಿಗಳಲ್ಲಿ ಸಾಮಾನ್ಯವಾಗಿ ಕ್ಲಚ್ಚಿನ ಬದಲು ಸಿವಿಟಿ ಇರುತ್ತದೆ. ಎರಡು ರಾಟೆ, ನಡುವೆ ಒಂದು ರಬ್ಬರ್ ಬೆಲ್ಟು. ಎಂಜಿನ್ ವೇಗ ಏರಿದಂತೆ ಮೊದಲ ರಾಟೆಯೊಳಗಿನ ಪುಟ್ಟ ತೂಕಗಳು ಹೊರಕ್ಕೆ ಚಿಮ್ಮಿ ರಾಟೆಯ ಎರಡು ಹೋಳುಗಳನ್ನು ಒತ್ತುತ್ತವೆ, ಬೆಲ್ಟು ಮೇಲಕ್ಕೇರುತ್ತದೆ, ಗಾಡಿ ತಾನಾಗಿ ಮೇಲಿನ ಗೇರಿಗೆ ಹೋದಂತಾಗುತ್ತದೆ. ದಿಣ್ಣೆ ಎದುರಾದಾಗ ಎರಡನೇ ರಾಟೆಯ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯಬೇಕು. ಯಾವ ತೂಕ, ಯಾವ ಸ್ಪ್ರಿಂಗ್ ಎಂಬುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ತೂಕ ಹಗುರವಾದರೆ ಎಂಜಿನ್ ಕೂಗುತ್ತದೆ, ಗಾಡಿ ಓಡುವುದಿಲ್ಲ; ಭಾರವಾದರೆ ಏರಿನ ಮಧ್ಯೆ ಎಂಜಿನ್ ಸುಸ್ತಾಗುತ್ತದೆ. ಮೈದಾನಕ್ಕೆ ಇಳಿಸಿ, ಓಡಿಸಿ, ಬಿಚ್ಚಿ, ಬದಲಿಸಿ, ಮತ್ತೆ ಓಡಿಸಿ ಕಂಡುಕೊಳ್ಳಬೇಕು. ಬಗ್ಗಿ ಕಟ್ಟುವುದಕ್ಕಿಂತ ಹೆಚ್ಚಿನ ವಿದ್ಯೆ ಈ ತಿದ್ದುವಿಕೆಯಲ್ಲಿದೆ. ಬೇಗ ಕಟ್ಟಿ ಮುಗಿಸಿ ತಿದ್ದಲು ಹೆಚ್ಚು ದಿನ ಉಳಿಸಿಕೊಂಡ ತಂಡ ಯಾವಾಗಲೂ ಒಂದು ಹೆಜ್ಜೆ ಮುಂದೆ.

ಪೀಥಂಪುರದಲ್ಲಿ ಓಟಕ್ಕೆ ಮೊದಲು ತಾಂತ್ರಿಕ ತಪಾಸಣೆ. ಅದರಲ್ಲಿ ಎದೆ ಹೊಡೆದುಕೊಳ್ಳುವ ಘಳಿಗೆ ಬ್ರೇಕ್ ಪರೀಕ್ಷೆಯದು: ಓಡಿಬಂದು ಪೆಡಲ್ ಒತ್ತಿದರೆ ನಾಲ್ಕೂ ಚಕ್ರಗಳು ಒಟ್ಟಿಗೆ ಬಿಗಿದು ನಿಲ್ಲಬೇಕು. ಪೈಪಿನಲ್ಲಿ ಚೂರು ಗಾಳಿ ಉಳಿದಿದ್ದರೂ ಒಂದು ಚಕ್ರ ಉರುಳಿಬಿಡುತ್ತದೆ, ತಂಡ ಮತ್ತೆ ಸಾಲಿಗೆ ನಿಲ್ಲಬೇಕು. ವಿನ್ಯಾಸ, ಖರ್ಚು, ಮಾರಾಟದ ಯೋಜನೆ ಕುರಿತ ಪ್ರಶ್ನೋತ್ತರಗಳೂ ಅಂಕಕ್ಕೆ ಸೇರುತ್ತವೆ. ಎಲ್ಲರೂ ಕಾಯುವುದು ಕೊನೆಯ ನಾಲ್ಕು ಗಂಟೆಯ ಓಟಕ್ಕೆ. ಅಲ್ಲಿ ಸುತ್ತುಗಳ ಲೆಕ್ಕ. ಹೊಂಡಕ್ಕೆ ಹಾರಿ ಇಳಿದಾಗ ಆಕ್ಸೆಲ್ ಕಳಚಿಕೊಳ್ಳುತ್ತದೆ, ಟೈ ರಾಡ್ ಬಾಗುತ್ತದೆ, ಬೆಲ್ಟು ಸುಟ್ಟು ವಾಸನೆ ಹೊಡೆಯುತ್ತದೆ. ರಿಪೇರಿ ಮಾಡಿ ಮತ್ತೆ ಬಿಡಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಅತಿ ವೇಗದ ಗಾಡಿ ಮೂರನೇ ಗಂಟೆಯಲ್ಲಿ ಕುಳಿತು, ನಿಧಾನದ ಗಾಡಿಯೊಂದು ಒಂದೇ ಸಮನೆ ಸುತ್ತುತ್ತ ಮೇಲೆ ಬರುವುದು ಇಲ್ಲಿನ ರೂಢಿ.

ಇಂಥ ಕಸುಬನ್ನು ರಸ್ತೆಯ ಮೇಲೆ ತೋರಿಸಲು ಹೋಗಬಾರದು. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿತು: ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದರ ಆಧಾರ. ಜೀಪುಗಳಿಗೆ ದೊಡ್ಡ ಟೈರು ತೊಡಿಸಿ ಮೆರೆಯುವ ಹವ್ಯಾಸ ಬಲವಾಗಿರುವ ಕೇರಳ, ಕೊಡಗು, ಮಲೆನಾಡಿನವರಿಗೆ ಇದು ಬಿಸಿ ಮುಟ್ಟಿಸಿದ ತೀರ್ಪು. ಅದು ಸರಿಯಾದ ತೀರ್ಪು ಎಂದೇ ನನ್ನ ಎಣಿಕೆ. ಎದುರಿನಿಂದ ಬರುವ ಸ್ಕೂಟರಿನವರು ಯಾರದೋ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿರುವುದಿಲ್ಲ. ಆದರೆ ಪ್ರಯೋಗದ ಹಸಿವು ನಿಜವಾದದ್ದು. ಬೇಲಿ ಹಾಕಿದ ನೆಲ, ತಪಾಸಣೆ, ಹೆಲ್ಮೆಟ್, ಕೈಗೆಟಕುವ ಕಿಲ್ ಸ್ವಿಚ್ ಇರುವ ಜಾಗ ಜಿಲ್ಲೆಗೊಂದು ಇದ್ದರೆ ಆ ಹಸಿವಿಗೆ ಅನ್ನ ಸಿಗುತ್ತದೆ.

2015ರಿಂದ ಈ ಸ್ಪರ್ಧೆಯಲ್ಲಿ ವಿದ್ಯುತ್ ಬಗ್ಗಿಗಳ ವಿಭಾಗವೂ ಇದೆ. ಪಂಜರದ ನಿಯಮಗಳು ಅವೇ, ಎಂಜಿನ್ ಜಾಗದಲ್ಲಿ ಬ್ಯಾಟರಿ ಮತ್ತು ಮೋಟಾರು. ಪೆಟ್ರೋಲ್ ಎಂಜಿನ್ ವೇಗ ಏರಿದ ಮೇಲೆ ಕೊಡುವ ತಿರುಚು ಬಲವನ್ನು ಮೋಟಾರು ನಿಂತಲ್ಲಿಂದಲೇ ಪೂರ್ತಿ ಕೊಡುತ್ತದೆ. ಹತ್ತು ಕುದುರೆಯ ಲೆಕ್ಕದಲ್ಲಿ ಕಡೆದ ಆಕ್ಸೆಲ್ ಅದಕ್ಕೆ ಸಾಲುವುದಿಲ್ಲ. ಕೆಸರು ನೀರು ನುಗ್ಗುವ ಗಾಡಿಯಲ್ಲಿ ಬ್ಯಾಟರಿಯನ್ನು ಒಣಗಿರಿಸುವ ಪೆಟ್ಟಿಗೆಯನ್ನೂ ಹೊಸದಾಗಿ ಕಟ್ಟಬೇಕು. ಹಾಗಾಗಿ ತಂಡಗಳು ಮತ್ತೆ ಲೇತ್ ಅಂಗಡಿಯ ಮುಂದೆ ನಿಂತಿವೆ, ಈ ಸಲ ಜೊತೆಗೆ ಒಬ್ಬ ಎಲೆಕ್ಟ್ರಿಷಿಯನ್‌ನನ್ನೂ ಕರೆದುಕೊಂಡು.